ಹೀಟ್ಸ್‌ನಲ್ಲೇ, ಅಂದರೆ ಮೊದಲ ಸುತ್ತಿನಲ್ಲೇ, ಹೊರಬಿದ್ದವರನ್ನು ಚಾಂಪಿಯನ್ ಅನ್ನೋದು ಹೇಗೆ ಅಂತಾರೆ ನಮ್ಮ ಭಾವ. ಏನು ಉತ್ತರ ಕೊಡಲಿ?

ನಾಗರಬಾವಿ_ಅಪ್ಪ:
ಭಾನುವಾರ ಅಕ್ಕನ ಮನೆಯಲ್ಲಿ ಊಟ ಇತ್ತು. ನನ್ನ ಮಗಳಿಗೆ ಹನ್ನೆರಡು ವರ್ಷ, ನಾಲ್ಕು ವರ್ಷದಿಂದ ಈಜುತ್ತಿದ್ದಾಳೆ, 200 ಮೀಟರ್ ಫ್ರೀಸ್ಟೈಲ್ ಅವಳಿಗೆ ಇಷ್ಟ. ದೊಡ್ಡವಳಾದ ಮೇಲೆ ಯಾರ ಥರ ಆಗ್ತೀಯ ಅಂತ ಯಾರೋ ಕೇಳಿದರು. ಅವಳು "ನಿಶಾ ಮಿಲ್ಲೆಟ್" ಅಂದಳು. ನನಗೆ ಖುಷಿಯಾಯಿತು, ಈ ಕಾಲದ ಮಕ್ಕಳಿಗೆ ಆ ಹೆಸರು ಗೊತ್ತಿರುವುದೇ ದೊಡ್ಡದು.

ನಮ್ಮ ಭಾವ ಎಲೆ ಮುಂದೆ ಕೂತು ಜೋರಾಗಿ ನಕ್ಕರು. "ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಹೀಟ್ಸ್‌ನಲ್ಲೇ ಹೊರಗೆ ಬಂದರು. ಸೆಮಿಫೈನಲ್ಲೂ ಇಲ್ಲ. ಅದೇನು ಚಾಂಪಿಯನ್ನು? ನಾನು ನಮ್ಮೂರ ಬಾವಿಯಲ್ಲಿ ಗಡಗಡೆ ಮೇಲಿಂದ ಧುಮುಕುತ್ತಿದ್ದೆ, ನನಗೆ ಯಾರೂ ಅರ್ಜುನ ಪ್ರಶಸ್ತಿ ಕೊಡಲಿಲ್ಲ" ಅಂದರು. ಎಲ್ಲರೂ ನಕ್ಕರು. ಮಗಳು ಒಬ್ಬಟ್ಟು ಮುಟ್ಟದೆ ಎದ್ದಳು.

ನಾನು "ಒಲಿಂಪಿಕ್ಸ್‌ನಲ್ಲಿ ಈಜಿದ ಭಾರತದ ಮೊದಲ ಮಹಿಳೆ ಅವರು" ಅಂತ ಏನೋ ಹೇಳಿದೆ. ಅದು ಸರಿಯಾದ ಉತ್ತರ ಅಂತ ನನಗೇ ಅನ್ನಿಸಲಿಲ್ಲ. ಈಜು ಗೊತ್ತಿರುವವರು ಹೇಳಿ. ಮುಂದಿನ ವಾರ ಭಾವ ನಮ್ಮ ಮನೆಗೆ ಬರುತ್ತಾರೆ.

ಸ್ಟಾಪ್‌ವಾಚ್:
ಮೊದಲು ನಿಮ್ಮನ್ನೇ ತಿದ್ದಬೇಕು ಸಾರ್. ಮೊದಲ ಮಹಿಳೆ ಅಲ್ಲ. 1952ರ ಹೆಲ್ಸಿಂಕಿಗೆ ಆರತಿ ಸಾಹಾ ಮತ್ತು ಡಾಲಿ ನಜೀರ್ ಹೋಗಿದ್ದರು. ಆರತಿ ಸಾಹಾಗೆ ಆಗ 11 ವರ್ಷ, ನಿಮ್ಮ ಮಗಳಿಗಿಂತ ಚಿಕ್ಕವರು! 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಈಜಿದರು. 1959ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ಏಷ್ಯಾದ ಮೊದಲ ಮಹಿಳೆಯೂ ಅವರೇ. 1996ರ ಅಟ್ಲಾಂಟಾದಲ್ಲಿ ಸಂಗೀತಾ ಪುರಿ ಇದ್ದರು. ನಿಶಾ ಹೋದದ್ದು 2000ದಲ್ಲಿ. ಎಲ್ಲ ಕಡೆ "ಮೊದಲ ಮಹಿಳೆ" ಅಂತ ಬರೆದೂ ಬರೆದೂ ಅದೇ ನಿಜ ಆಗಿಬಿಟ್ಟಿದೆ.

ನಾಗರಬಾವಿ_ಅಪ್ಪ:
ಅಯ್ಯೋ. ಭಾವನಿಗೆ ಇದು ಗೊತ್ತಾದರೆ ಮುಗೀತು.

ಹಳೇ_ಬಸವನಗುಡಿ:
ಸ್ಟಾಪ್‌ವಾಚ್ ಹೇಳಿದ್ದು ಸರಿ. ಆದರೆ ಇಸವಿ ಹಿಡಿದು ಮೊದಲು-ಎರಡನೆಯದು ಅಂತ ಎಣಿಸುತ್ತಾ ಕೂತರೆ ಆ ಹುಡುಗಿ ಏನು ಮಾಡಿದಳು ಅನ್ನೋದೇ ಮರೆತುಹೋಗುತ್ತೆ. ನಾನು ತೊಂಬತ್ತರ ದಶಕದಲ್ಲಿ ಬಸವನಗುಡಿ ಅಕ್ವಾಟಿಕ್ ಸೆಂಟರ್ ಹತ್ತಿರವೇ ಇದ್ದವನು. ಬೆಳಿಗ್ಗೆ ಹಾಲು ತರೋಕೆ ಹೋಗುವಾಗ ಒಳಗಿನಿಂದ ಸೀಟಿ ಸದ್ದು ಕೇಳುತ್ತಿತ್ತು. ಕೋಚ್ ಪ್ರದೀಪ್ ಕುಮಾರ್ ಅವರ ಹುಡುಗ ಹುಡುಗಿಯರು ಅಷ್ಟು ಹೊತ್ತಿಗೆ ಅರ್ಧ ಕೆಲಸ ಮುಗಿಸಿರುತ್ತಿದ್ದರು.

ನಿಶಾ ಐದು ವರ್ಷದವರಿದ್ದಾಗ ನೀರಿನಲ್ಲಿ ಮುಳುಗಿ ಉಳಿದವರು. ಅಂಥ ಮಗುವನ್ನು ಅವರಪ್ಪ ಒಂಬತ್ತನೇ ವಯಸ್ಸಿಗೆ ಮತ್ತೆ ನೀರಿಗಿಳಿಸಿದರು, ಚೆನ್ನೈನಲ್ಲಿ. ಆಮೇಲೆ ಬೆಂಗಳೂರು. 1999ರ ಮಣಿಪುರದ ನ್ಯಾಷನಲ್ ಗೇಮ್ಸ್‌ನಲ್ಲಿ 14 ಚಿನ್ನ. ಹದಿನಾಲ್ಕು! ನಮ್ಮ ಹೆಣ್ಣುಮಕ್ಕಳಲ್ಲಿ 100 ಮೀಟರ್ ಫ್ರೀಸ್ಟೈಲನ್ನು ಒಂದು ನಿಮಿಷದ ಒಳಗೆ ಮೊದಲು ಮುಗಿಸಿದ್ದು ಇವರೇ. ನಿಮ್ಮ ಭಾವನ ಬಾವಿಯಲ್ಲಿ ಎಷ್ಟು ಚಿನ್ನ ಇತ್ತಂತೆ?

ತುಂಗೆ_ತೀರ:
ಬಾವಿಯಲ್ಲಿ ಚಿನ್ನ ಇರಲ್ಲ, ಬಿಂದಿಗೆ ಇರುತ್ತೆ 😄

ಲೇನ್_ನಾಲ್ಕು:
ಭಾವ ಹೇಳಿದ್ದರಲ್ಲಿ ಒಂದು ತಪ್ಪು ಯಾರೂ ಹಿಡಿದಿಲ್ಲ. ನಿಶಾ ಸಿಡ್ನಿಯಲ್ಲಿ ತಮ್ಮ ಹೀಟ್ ಗೆದ್ದರು. ಮೊದಲು ಬಂದೂ ಹೊರಗೆ ಬಂದರು.

ಓಟ ಕಬಡ್ಡಿ ನೋಡಿದವರಿಗೆ ಇದು ಅರ್ಥ ಆಗಲ್ಲ. ಈಜಿನಲ್ಲಿ ಹೆಸರು ಕೊಡುವಾಗಲೇ ನಿಮ್ಮ ಒಳ್ಳೆಯ ಟೈಮಿಂಗ್ ಕೊಡಬೇಕು. ನಿಧಾನದವರು ಮೊದಲ ಹೀಟ್‌ಗಳಲ್ಲಿ, ವೇಗದವರು ಕೊನೆಯ ಹೀಟ್‌ಗಳಲ್ಲಿ. ಸೆಮಿಗೆ ಹೋಗುವುದು ಹೀಟ್ ಗೆದ್ದವರಲ್ಲ, ಎಲ್ಲ ಹೀಟ್ ಸೇರಿಸಿ ಗಡಿಯಾರ ನೋಡಿದಾಗ ಮೊದಲ 16ರಲ್ಲಿ ಇರುವವರು. ಅಂದರೆ ನೀವು ಪಕ್ಕದ ಲೇನ್‌ನವಳನ್ನು ಸೋಲಿಸಿದರೆ ಸಾಲದು, ಇನ್ನೂ ಕಟ್ಟೆಯ ಮೇಲೆ ಕಾಯುತ್ತಾ ಕೂತಿರುವವಳನ್ನೂ ಸೋಲಿಸಬೇಕು.

24 ವರ್ಷ ಬಿಟ್ಟು ಪ್ಯಾರಿಸ್‌ನಲ್ಲಿ ಅದೇ ಕಥೆ. ಅದೇ 200 ಫ್ರೀಸ್ಟೈಲ್, ಮತ್ತೆ ಬೆಂಗಳೂರಿನ ಹುಡುಗಿ, ಧಿನಿಧಿ ದೇಸಿಂಗು. 14 ವರ್ಷ. ಮೊದಲನೇ ಹೀಟ್‌ನಲ್ಲಿ ಮೊದಲ ಸ್ಥಾನ, 2:06.96. ಒಟ್ಟಾರೆ 23ನೆಯವಳು, ಸೆಮಿ ಇಲ್ಲ.

ಮೈಸೂರು_ಸಂಜೆ:
ಹಾಗಾದರೆ ಸಿಡ್ನಿಯಲ್ಲಿ ಒಬ್ಬನೇ ಈಜಿ ಗೆದ್ದನಲ್ಲ ಆಫ್ರಿಕಾದವನು, ಅವನೂ ಚಾಂಪಿಯನ್ನಾ? ಸುಮ್ನೆ ಕೇಳಿದೆ.

ಸ್ಟಾಪ್‌ವಾಚ್:
ಎರಿಕ್ ಮೂಸಂಬಾನಿ, ಈಕ್ವಟೋರಿಯಲ್ ಗಿನಿ. ಜೊತೆಗಿದ್ದ ಇಬ್ಬರೂ ಫಾಲ್ಸ್ ಸ್ಟಾರ್ಟ್ ಮಾಡಿ ಹೊರಗಾದರು, ಇವನೊಬ್ಬನೇ ಉಳಿದ. 100 ಮೀಟರ್‌ಗೆ 1:52.72. ಈಜು ಕಲಿತು ಒಂದು ವರ್ಷವೂ ಆಗಿರಲಿಲ್ಲ, ಹೋಟೆಲ್ ಪೂಲ್‌ನಲ್ಲಿ ಅಭ್ಯಾಸ ಮಾಡಿದ್ದ. ಕೊನೆಯ 15 ಮೀಟರ್ ಜನ ಎದ್ದು ನಿಂತು ಕೂಗಿದರು. ಅವನೂ ಹೀಟ್ ಗೆದ್ದವನೇ, ಪಾಪ.

ಹೀಟ್ ಗೆಲ್ಲುವುದಕ್ಕೆ ಅಷ್ಟೇ ಬೆಲೆ ಅಂತ ನಿಮ್ಮ ಭಾವ ಇದನ್ನೇ ಹಿಡಿದುಕೊಳ್ಳಬಹುದು, ಹುಷಾರು.

ಬಾವಿಕಟ್ಟೆ:
ನಾನು ಭಾವನ ಪರ. ನಮ್ಮ ಕಡೆ, ಬಾಗಲಕೋಟೆ ಹತ್ತಿರ, ಹೊಲದ ಬಾವಿಯಲ್ಲಿ ಈಸು ಕಲಿತವರು ನಾವು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಕಾಕಾ ತಳ್ಳುತ್ತಿದ್ದರು. ಎಂಟು ದಿನದಲ್ಲಿ ಬುರುಡೆ ಬಿಚ್ಚಬೇಕು, ಇಲ್ಲದಿದ್ದರೆ ಮರ್ಯಾದೆ ಇಲ್ಲ. ಬೆಂಗಳೂರಿನ ಮಕ್ಕಳಿಗೆ ಕನ್ನಡಕ, ಟೋಪಿ, ಕೋಚು, ಬಾಳೆಹಣ್ಣು. ನಮ್ಮೂರ ಹುಡುಗರಿಗೆ ಇದರ ಅರ್ಧ ಕೊಟ್ಟಿದ್ದರೆ ಒಲಿಂಪಿಕ್ಸ್‌ನಲ್ಲಿ ಹತ್ತು ಜನ ಇರುತ್ತಿದ್ದರು.

ಕ್ಲೋರಿನ್_ಕೂದಲು:
ಬಾವಿಕಟ್ಟೆ ಅಣ್ಣ, ಬೇಜಾರು ಮಾಡ್ಕೋಬೇಡಿ. ಬಾವಿಯಲ್ಲಿ ಕಲಿಯುವುದು ಮುಳುಗದೆ ಇರೋದನ್ನು. ತಲೆ ಮೇಲೆ, ಕಾಲು ಕೆಳಗೆ. ಸ್ಪರ್ಧೆಯ ಈಜಿನಲ್ಲಿ ಮೊದಲು ಬಿಡಿಸುವುದೇ ಆ ಅಭ್ಯಾಸ. ತಲೆ ಎತ್ತಿದರೆ ಸೊಂಟ ಇಳಿಯುತ್ತೆ, ಸೊಂಟ ಇಳಿದರೆ ನೀರನ್ನು ಎಳೆದುಕೊಂಡು ಹೋದ ಹಾಗೆ.

ನಾನು ಪಿಯುಸಿವರೆಗೆ ಬ್ಯಾಕ್‌ಸ್ಟ್ರೋಕ್ ಈಜಿದವಳು, ಸ್ಟೇಟ್ ಮೆಡಲ್ ಮೂರು, ನ್ಯಾಷನಲ್ಸ್‌ನಲ್ಲಿ ಸೊನ್ನೆ. ಒಂದು ಸಣ್ಣ ವಿಷಯ ಹೇಳ್ತೀನಿ. ಗೋಡೆಗೆ 5 ಮೀಟರ್ ಇರುವಾಗ ಮೇಲೆ ಬಣ್ಣ ಬಣ್ಣದ ಬಾವುಟದ ಹಗ್ಗ ಕಟ್ಟಿರುತ್ತಾರೆ. ಬೆನ್ನ ಮೇಲೆ ಈಜುವವರಿಗೆ ಗೋಡೆ ಕಾಣಲ್ಲ, ಆ ಬಾವುಟ ಕಂಡ ಮೇಲೆ ಕೈ ಎಣಿಸಬೇಕು. ನನ್ನದು ನಾಲ್ಕು. ಒಂದು, ಎರಡು, ಮೂರು, ನಾಲ್ಕಕ್ಕೆ ಮಗ್ಗುಲಾಗಿ ತಿರುವು. ಒಂದು ಸಲ ಒಂದು ಜಿಲ್ಲಾ ಕೇಂದ್ರದ ಮೀಟ್‌ನಲ್ಲಿ ಬಾವುಟದ ಹಗ್ಗವನ್ನೇ ಕಟ್ಟಿರಲಿಲ್ಲ. ಕೇಳಿದರೆ "ಹೋದ ವರ್ಷ ಇತ್ತು" ಅಂದರು. ನಾನು ಚಾವಣಿಯ ಟ್ಯೂಬ್‌ಲೈಟ್ ಗುರುತು ಇಟ್ಟುಕೊಂಡೆ. ಹೀಟ್ಸ್‌ನಲ್ಲಿ ಸರಿ ಹೋಯಿತು. ಫೈನಲ್ ಹೊತ್ತಿಗೆ ಆ ಟ್ಯೂಬ್‌ಲೈಟ್ ಹೋಗಿತ್ತು. ತಲೆ ಗೋಡೆಗೆ. ಇವತ್ತಿಗೂ ಕೂದಲ ಒಳಗೆ ಗಂಟು ಸಿಗುತ್ತೆ, ನನ್ನ ಗಂಡ ತಲೆಗೆ ಎಣ್ಣೆ ಹಚ್ಚುವಾಗ ತೋರಿಸಿ ನಗುತ್ತಾರೆ.

ತುಂಗೆ_ತೀರ:
ತಲೆಗೆ ಎಣ್ಣೆ ಹಚ್ಚುವ ಗಂಡ! ಚಾಂಪಿಯನ್ ಯಾರು ಅಂತ ಗೊತ್ತಾಯಿತು, ಥ್ರೆಡ್ ಮುಚ್ಚಿ.

ಕರಾವಳಿಗ_ದುಬೈ:
ಎಣಿಸುವುದು ಅಂದಾಗ ಅಮೆರಿಕದ ಮೈಕಲ್ ಫೆಲ್ಪ್ಸ್ ನೆನಪಾಯಿತು. 2008 ಬೀಜಿಂಗ್, 200 ಮೀಟರ್ ಬಟರ್‌ಫ್ಲೈ. ಗಾಗಲ್ಸ್ ತುಂಬಾ ನೀರು, ಏನೂ ಕಾಣುತ್ತಿಲ್ಲ. ಕೈ ಎಣಿಸಿಕೊಂಡು ಗೋಡೆ ಮುಟ್ಟಿದ. 1:52.03, ವಿಶ್ವದಾಖಲೆ. ಹೊರಗೆ ಬಂದು ಗಾಗಲ್ಸ್ ಕಿತ್ತು ಬಿಸಾಡಿದ, ಗೆದ್ದ ಮುಖವೇ ಅಲ್ಲ.

ಅದೇ ಒಲಿಂಪಿಕ್ಸ್‌ನ 100 ಬಟರ್‌ಫ್ಲೈ ಇನ್ನೂ ಮಜಾ. ಸರ್ಬಿಯಾದ ಚಾವಿಚ್ ಮುಂದಿದ್ದ. ಕೊನೆಯಲ್ಲಿ ಚಾವಿಚ್ ಕೈ ಚಾಚಿ ಜಾರಿದ, ಫೆಲ್ಪ್ಸ್ ಅರ್ಧ ಸ್ಟ್ರೋಕ್ ಹೆಚ್ಚಿಗೆ ಹೊಡೆದ. 50.58, 50.59. ಗಡಿಯಾರ ನಿಲ್ಲಿಸುವ ಗೋಡೆಯ ಟಚ್‌ಪ್ಯಾಡ್ ಒತ್ತಬೇಕು, ಸವರಿದರೆ ಸಾಲದು.

ಬಾವಿಕಟ್ಟೆ:
ನೋಡಿ, ಅದು ಚಾಂಪಿಯನ್. 23 ಚಿನ್ನ. ಭಾವ ಹೇಳೋದು ಅದನ್ನೇ.

ಹಳೇ_ಬಸವನಗುಡಿ:
ಫೆಲ್ಪ್ಸ್ ಒಬ್ಬನನ್ನೇ ಅಳತೆಗೋಲು ಮಾಡಿದರೆ ಲೋಕದಲ್ಲಿ ಇನ್ನೊಬ್ಬ ಈಜುಗಾರನೇ ಇಲ್ಲ ಬಿಡಿ. ಅವನನ್ನೇ 2016ರ ರಿಯೋದಲ್ಲಿ 100 ಬಟರ್‌ಫ್ಲೈನಲ್ಲಿ ಸಿಂಗಪುರದ ಜೋಸೆಫ್ ಸ್ಕೂಲಿಂಗ್ ಸೋಲಿಸಿದ. ಬೆಳ್ಳಿಗೆ ಮೂವರು, ಫೆಲ್ಪ್ಸ್, ಲೆ ಕ್ಲೋಸ್, ಚೆಹ್, ಮೂವರದೂ 51.14. ಸಿಂಗಪುರದ ಜನಸಂಖ್ಯೆ ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ. ನಮಗೆ ಏಷ್ಯನ್ ಗೇಮ್ಸ್ ಈಜಿನಲ್ಲಿ ಚಿನ್ನ ಬಂದದ್ದು 1951ರಲ್ಲಿ, ಸಚಿನ್ ನಾಗ್. ಆಮೇಲೆ 1986ರಲ್ಲಿ ಖಜಾನ್ ಸಿಂಗ್ ಬೆಳ್ಳಿ. 2010ರಲ್ಲಿ ವೀರಧವಳ್ ಖಾಡೆ ಕಂಚು. ಎರಡು ಪದಕದ ಮಧ್ಯೆ 24 ವರ್ಷ. ಈ ಬಿಸಿಲಲ್ಲಿ ಒಂದು ಗಿಡ ಬಂದರೆ ಅದನ್ನು ಗಿಡ ಅನ್ನಬೇಕು, ಆಲದಮರ ಅಲ್ಲ ಅಂತ ನಗಬಾರದು.

ಸ್ಟಾಪ್‌ವಾಚ್:
ಖಾಡೆ ಕೊಲ್ಹಾಪುರದವರು, ಆದರೆ ಪಳಗಿದ್ದು ಬೆಂಗಳೂರಿನಲ್ಲಿ, ಕೋಚ್ ನಿಹಾರ್ ಅಮೀನ್ ಅವರ ಹತ್ತಿರ. ಸೇರಿಸಿದೆ ಅಷ್ಟೇ.

ಲೇನ್_ನಾಲ್ಕು:
ನಾನು ಬೇರೆ ಥರ ಹೇಳ್ತೀನಿ. ಪದಕ ಬಿಡಿ, ಟೈಮಿಂಗ್ ನೋಡಿ. ಒಲಿಂಪಿಕ್ಸ್‌ಗೆ ನೇರವಾಗಿ ಹೋಗಲು 'ಎ' ಟೈಮಿಂಗ್ ಬೇಕು. 2021ರ ಜೂನ್‌ವರೆಗೆ ಭಾರತದ ಒಬ್ಬರೂ ಅದನ್ನು ಮುಟ್ಟಿರಲಿಲ್ಲ. ರೋಮ್‌ನಲ್ಲಿ ಸಾಜನ್ ಪ್ರಕಾಶ್ 200 ಬಟರ್‌ಫ್ಲೈ 1:56.38 ಈಜಿದರು, ಬೇಕಿದ್ದದ್ದು 1:56.48. ಅಲ್ಲೇ ನಮ್ಮ ಶ್ರೀಹರಿ ನಟರಾಜ್ 100 ಬ್ಯಾಕ್‌ಸ್ಟ್ರೋಕ್‌ನಲ್ಲಿ 53.77, ಬೇಕಿದ್ದದ್ದು 53.85. ಅದೂ ಟೈಮ್ ಟ್ರಯಲ್‌ನಲ್ಲಿ. ಪದಕ ಇಲ್ಲ, ವೇದಿಕೆ ಇಲ್ಲ, ಗಡಿಯಾರ ಒಂದೇ ಎದುರಾಳಿ. ನನಗಂತೂ ಅದು ಯಾವ ಚಿನ್ನಕ್ಕಿಂತ ಕಡಿಮೆ ಅಲ್ಲ.

ಮೈಸೂರು_ಸಂಜೆ:
ಟೋಕಿಯೋಗೆ ಹೋಗಿ ಏನಾಯಿತು ಅದನ್ನೂ ಹೇಳಿ.

ಲೇನ್_ನಾಲ್ಕು:
ಶ್ರೀಹರಿ 54.31, 27ನೇ ಸ್ಥಾನ. ಸಾಜನ್ 1:57.22, 24ನೇ ಸ್ಥಾನ. ಮುಚ್ಚಿಡುವುದೇನಿದೆ? ದಿನಕ್ಕೆ ಎರಡು ಸಲ ನೀರಿಗಿಳಿದು ಐದು ವರ್ಷ ಕಾದು, ಆ ಒಂದು ಸಂಜೆ ಅರ್ಧ ಸೆಕೆಂಡ್ ಸಿಗಲಿಲ್ಲ. ಮರುವರ್ಷ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ ಶ್ರೀಹರಿ 50 ಬ್ಯಾಕ್‌ಸ್ಟ್ರೋಕ್ ಫೈನಲ್‌ನಲ್ಲಿ ಐದನೆಯವನು. ಈಜು ಬಿಟ್ಟು ಮನೆಗೆ ಹೋಗಲಿಲ್ಲ.

ಕ್ಲೋರಿನ್_ಕೂದಲು:
ನಿಜವಾದ ಕಷ್ಟ ಅದೇ. ಬಿಡದೆ ಇರೋದು. ನಮ್ಮ ಬ್ಯಾಚ್‌ನಲ್ಲಿ ಹದಿನೆಂಟು ಹುಡುಗಿಯರಿದ್ದೆವು. ಎಸ್ಸೆಸ್ಸೆಲ್ಸಿ ಹೊತ್ತಿಗೆ ಏಳು. ಪಿಯುಸಿ ಎರಡನೇ ವರ್ಷಕ್ಕೆ ಇಬ್ಬರು. ನಮ್ಮ ಕಾಲೇಜಿನಲ್ಲಿ ಹಾಜರಾತಿ ಕೇಳೋಕೆ ಹೋದರೆ "ನಿಮ್ಮಪ್ಪನಿಗೆ ದುಡ್ಡಿದ್ದರೆ ಈಜಿಸಲಿ, ನಮಗೆ ಪರ್ಸೆಂಟೇಜ್ ಬೇಕು" ಅಂದರು. ಯಾವ ಕಾಲೇಜು ಅಂತ ಹೇಳಲ್ಲ, ಈಗ ಅಲ್ಲೇ ನನ್ನ ತಂಗಿ ಮಗ ಓದುತ್ತಿದ್ದಾನೆ.

ನಿಶಾ ಅವರ ಕಥೆಯಲ್ಲಿ ಜನ ಸಿಡ್ನಿ ಮಾತ್ರ ಹಿಡಿದುಕೊಳ್ಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದರ ನಂತರದ್ದು. 2002ರಲ್ಲಿ ಬೆನ್ನಿನ ಆಪರೇಷನ್. ಬೆನ್ನು! ಫ್ರೀಸ್ಟೈಲ್‌ನಲ್ಲಿ ಪ್ರತಿ ಕೈಗೂ ಸೊಂಟದಿಂದ ಮೈ ಹೊರಳಬೇಕು. ಅದಾದ ಮೇಲೂ ವಾಪಸ್ ಬಂದು 2004ರ ಅಥೆನ್ಸ್‌ಗೆ ಪ್ರಯತ್ನ ಮಾಡಿದರು. ಕೂದಲೆಳೆಯಲ್ಲಿ ತಪ್ಪಿತು. ಮನೆಯವರ ಮೇಲೆ ಖರ್ಚಿನ ಹೊರೆ ಜಾಸ್ತಿಯಾಗಿ ನಿವೃತ್ತಿ ಆದರು. ಕ್ರಿಕೆಟ್‌ನವರು ಜಾಹೀರಾತಿನಲ್ಲಿ ಬಿಸ್ಕತ್ತು ತಿನ್ನುತ್ತಿದ್ದ ಕಾಲ ಅದು.

ಮೈಸೂರು_ಸಂಜೆ:
ಕ್ರಿಕೆಟ್ ಮಧ್ಯೆ ತರಬೇಡಿ ದಯವಿಟ್ಟು. ಪ್ರತಿ ಥ್ರೆಡ್‌ನಲ್ಲೂ ಇದೇ ಆಯ್ತು.

ಕ್ಲೋರಿನ್_ಕೂದಲು:
ಬಿಸ್ಕತ್ತು ಅಂದೆ ಅಷ್ಟೇ ರೀ.

ಹಳೇ_ಬಸವನಗುಡಿ:
ಆ ಅಥೆನ್ಸ್‌ಗೆ ಹೋದದ್ದು ಬೆಂಗಳೂರಿನ ಇನ್ನೊಬ್ಬ ಹುಡುಗಿ, ಶಿಖಾ ಟಂಡನ್. 50 ಮತ್ತು 100 ಫ್ರೀಸ್ಟೈಲ್, ಒಂದೇ ಒಲಿಂಪಿಕ್ಸ್‌ನಲ್ಲಿ ಎರಡು ಸ್ಪರ್ಧೆ. ಆಮೇಲೆ ಅಮೆರಿಕದಲ್ಲಿ ಓದಿ ಅಲ್ಲಿನ ಆ್ಯಂಟಿ-ಡೋಪಿಂಗ್ ಏಜೆನ್ಸಿಯಲ್ಲಿ ಕೆಲಸ ಮಾಡಿದರು. ಓದು ಕೆಡುತ್ತೆ ಅನ್ನುವ ಅಪ್ಪ ಅಮ್ಮಂದಿರಿಗೆ ನಾನು ಇದನ್ನೇ ಹೇಳುವುದು. ಪ್ಯಾರಾ ಈಜುಗಾರ ಶರತ್ ಗಾಯಕವಾಡ್ ಅವರನ್ನೂ ಮರೀಬೇಡಿ. 2014ರ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಒಬ್ಬರೇ ಆರು ಪದಕ ತಂದರು. ನಮ್ಮ ಬಡಾವಣೆಯಲ್ಲಿ ಎಷ್ಟು ಜನಕ್ಕೆ ಗೊತ್ತು?

ಚಿಕ್ಕಪೇಟೆ_ಚಿಲ್ಲರೆ:
ಖರ್ಚಿನ ವಿಷಯ ಬಂದಿದ್ದಕ್ಕೆ ಕೇಳ್ತೀನಿ. ರೇಸ್ ಸೂಟ್ ಅಂತ ಒಂದು ಬಿಗಿ ಚಡ್ಡಿಗೆ ಕೋಚ್ ಹೇಳಿದ ಬೆಲೆ ಕೇಳಿ ನನಗೆ ತಲೆ ತಿರುಗಿತು. ಆ ದುಡ್ಡಿಗೆ ಮಗನ ತಾತನಿಗೆ ಮದುವೆ ಸೂಟ್ ಹೊಲಿಸಬಹುದು. ನಿಜಕ್ಕೂ ಬೇಕಾ?

ಸ್ಟಾಪ್‌ವಾಚ್:
ಹನ್ನೆರಡು ವರ್ಷಕ್ಕೆ ಖಂಡಿತಾ ಬೇಡ. ಸೂಟ್‌ಗೆ ಶಕ್ತಿ ಇಲ್ಲ ಅಂತಲ್ಲ. 2009ರ ರೋಮ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ರಬ್ಬರಿನಂಥ ಪಾಲಿಯುರೆಥೇನ್ ಸೂಟ್ ಹಾಕಿಕೊಂಡು 43 ವಿಶ್ವದಾಖಲೆ ಮುರಿದರು. ಮರುವರ್ಷದಿಂದ ನಿಷೇಧ. ಈಗ ಬಟ್ಟೆಯದ್ದೇ ಇರಬೇಕು, ಗಂಡಸರಿಗೆ ಸೊಂಟದಿಂದ ಮೊಣಕಾಲಿನವರೆಗೆ ಮಾತ್ರ. ಆದರೆ ಮಕ್ಕಳ ಟೈಮಿಂಗ್ ಇಳಿಯುವುದು ತಿರುವಿನಲ್ಲಿ, ಗೋಡೆ ತಳ್ಳುವುದರಲ್ಲಿ. ಅದಕ್ಕೆ ದುಡ್ಡು ಬೇಡ.

ಚಿಕ್ಕಪೇಟೆ_ಚಿಲ್ಲರೆ:
ಬದುಕಿದೆ. ತಾತನಿಗೂ ಸೂಟ್ ಬೇಡ, ಪಂಚೆ ಇದೆ.

ಬಾವಿಕಟ್ಟೆ:
ಓದಿದೆ ಎಲ್ಲಾ. ಬೆನ್ನಿನ ಆಪರೇಷನ್ ಮಾತು ಕೇಳಿ ಸುಮ್ಮನಾದೆ. ನನಗೆ ಬೆನ್ನುಮೂಳೆಯ ಎಲ್-4 ಎಲ್-5 ತೊಂದರೆ ಇದೆ, ಬಗ್ಗಿ ಚಪ್ಪಲಿ ತೆಗೆದುಕೊಳ್ಳೋಕೆ ಆಗಲ್ಲ. ಆದರೂ ಒಂದು ಮಾತು. 14 ಚಿನ್ನ ಅಂದರೆ ನಮ್ಮ ದೇಶದಲ್ಲಿ ಪೈಪೋಟಿ ಇಲ್ಲ ಅಂತಲೂ ಅರ್ಥ ಅಲ್ವಾ? ಒಬ್ಬರೇ ಎಲ್ಲಾ ಗೆದ್ದರೆ ಮಿಕ್ಕವರು ಎಲ್ಲಿ?

ಲೇನ್_ನಾಲ್ಕು:
ಈ ಪ್ರಶ್ನೆ ಸರಿ. 2025ರ ಉತ್ತರಾಖಂಡ ನ್ಯಾಷನಲ್ ಗೇಮ್ಸ್‌ನಲ್ಲಿ ಧಿನಿಧಿ 9 ಚಿನ್ನ, ಶ್ರೀಹರಿಯೂ 9 ಚಿನ್ನ. ಕರ್ನಾಟಕಕ್ಕೆ ಖುಷಿ, ಭಾರತದ ಈಜಿಗೆ ಅಷ್ಟೊಂದು ಒಳ್ಳೆಯ ಸುದ್ದಿ ಅಲ್ಲ. ಪಕ್ಕದ ಲೇನ್‌ನಲ್ಲಿ ಅಟ್ಟಿಸಿಕೊಂಡು ಬರುವವರು ಇಲ್ಲದಿದ್ದರೆ ಆ ಕೊನೆಯ ಅರ್ಧ ಸೆಕೆಂಡ್ ಎಲ್ಲಿಂದ ಬರಬೇಕು? ಅದಕ್ಕೇ ಇವರೆಲ್ಲ ಹೊರದೇಶದ ಮೀಟ್‌ಗಳಿಗೆ ಹೋಗಿ ಟೈಮಿಂಗ್ ತೆಗೆಯುವುದು. ನಿಶಾ ಕಾಲದಲ್ಲಿ ಅದಕ್ಕೂ ಸುಲಭದ ದಾರಿ ಇರಲಿಲ್ಲ.

ಕರಾವಳಿಗ_ದುಬೈ:
ನಮ್ಮ ಮಂಗಳೂರಿನ ಎಮ್ಮೆಕೆರೆಯಲ್ಲಿ ಈಗ ಒಳ್ಳೆಯ ಪೂಲ್ ಆಗಿದೆ. ರಜೆಗೆ ಬಂದಾಗ ನೋಡಿದೆ. ನಾವು ಚಿಕ್ಕವರಿದ್ದಾಗ ಹೊಳೆಯೇ ಗತಿ, ಅಮ್ಮ ಕೋಲು ಹಿಡಿದು ದಡದಲ್ಲಿ.

ನಾಗರಬಾವಿ_ಅಪ್ಪ:
ಎಲ್ಲರಿಗೂ ಥ್ಯಾಂಕ್ಸ್. ಭಾವ ನಿನ್ನೆ ಬಂದಿದ್ದರು. ನಾನು ಇಲ್ಲಿನ ಅಂಕಿ ಅಂಶ ಎಲ್ಲಾ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಜೇಬಿನಿಂದ ತೆಗೆಯೋಕೆ ಮುಂಚೆ ಮಗಳೇ "ಮಾವ, ಬೆಳಿಗ್ಗೆ ನನ್ನ ಜೊತೆ ಪೂಲ್‌ಗೆ ಬನ್ನಿ" ಅಂದಳು. ಭಾವನಿಗೆ ಇಲ್ಲ ಅನ್ನೋಕೆ ಆಗಲಿಲ್ಲ, ಅಕ್ಕ ಬೇರೆ ಅಲ್ಲೇ ಇದ್ದಳು.

ಟೋಪಿ ಕಡ್ಡಾಯ ಅಂದರು, ಮಗಳ ಗುಲಾಬಿ ಟೋಪಿ ಹಾಕಿಸಿದೆವು. ಬರೀ 50 ಮೀಟರ್, ಒಂದು ಕಡೆಯಿಂದ ಇನ್ನೊಂದು ಕಡೆಗೆ. ಧುಮುಕಿದ್ದು ಮಾತ್ರ ಸೊಗಸು, ಬಾವಿ ಕಲಿಸಿದ್ದು ಮರೆತಿಲ್ಲ. ಮೊದಲ 20 ಮೀಟರ್ ತಲೆ ಎತ್ತಿಕೊಂಡು ಜೋರಾಗಿ ಹೋದರು. ಆಮೇಲೆ ನಿಧಾನ. ಆಮೇಲೆ ತುಂಬಾ ನಿಧಾನ. ಮಗಳು ಕಟ್ಟೆಯ ಮೇಲೆ ಪಕ್ಕದಲ್ಲೇ ನಡೆಯುತ್ತಾ "ಸೊಂಟ ಮೇಲೆ ಮಾವ, ಸೊಂಟ ಮೇಲೆ" ಅಂತಿದ್ದಳು. 2 ನಿಮಿಷ 1 ಸೆಕೆಂಡ್.

ಮೇಲೆ ಬಂದು ಹತ್ತು ನಿಮಿಷ ಮಾತಾಡಲಿಲ್ಲ. ಕಾಫಿ ಕುಡಿದ ಮೇಲೆ "ಆ ಹುಡುಗಿ 200 ಮೀಟರ್ ಎಷ್ಟರಲ್ಲಿ ಮುಗಿಸುತ್ತಿದ್ದಳು ಅಂದೆ?" ಅಂತ ಕೇಳಿದರು.

ಸ್ಟಾಪ್‌ವಾಚ್:
ಸಿಡ್ನಿಯಲ್ಲಿ ಆ ಸ್ಪರ್ಧೆಯ ಚಿನ್ನ ಆಸ್ಟ್ರೇಲಿಯಾದ ಸೂಸಿ ಓ'ನೀಲ್, 1:58.24. ಅಂದರೆ ಭಾವ 50 ಮುಗಿಸುವ ಹೊತ್ತಿಗೆ ಆಕೆ 200 ಮುಗಿಸಿ ಟೋಪಿ ಬಿಚ್ಚುತ್ತಿದ್ದರು. ಮೂಸಂಬಾನಿ 100 ಮುಗಿಸಿಯೇ ಎಂಟು ಸೆಕೆಂಡ್ ಆಗಿರುತ್ತಿತ್ತು.

ಬಾವಿಕಟ್ಟೆ:
ಭಾವ ಮಧ್ಯದಲ್ಲಿ ನಿಲ್ಲಲಿಲ್ಲವಲ್ಲ? ಅಷ್ಟು ಸಾಕು. ನಮ್ಮವರು.

ನಾಗರಬಾವಿ_ಅಪ್ಪ:
ಮಧ್ಯೆ ಒಂದು ಸಲ ಲೇನ್ ಹಗ್ಗ ಹಿಡಿದರು.

ಕ್ಲೋರಿನ್_ಕೂದಲು:
ಹಿಡಿದು ಸುಮ್ನೆ ನಿಂತರೆ ಪರವಾಗಿಲ್ಲ. ಹಗ್ಗ ಎಳೆದುಕೊಂಡು ಮುಂದೆ ಹೋದರೆ ಡಿಸ್‌ಕ್ವಾಲಿಫೈ. ಎಳೆದರಾ?

ನಾಗರಬಾವಿ_ಅಪ್ಪ:
ಎಳೆದರು.